ತೂಕದ ಚೀಟಿ

ದೋಣಿಮಲೆಯ ಕೆಳಗೆ ರಾತ್ರಿ ಪಾಳಿ.
ಲಾರಿ ಬಂದು ತಕ್ಕಡಿ ಮೇಲೆ ನಿಂತರೆ
ನನ್ನ ಕಿಟಕಿಯ ಗಾಜು ಗೊಣಗುತ್ತದೆ.

"ಎಷ್ಟ್ ಬಂತ್ರೀ?" ಹುಲುಗಪ್ಪನ ದನಿ,
ಹುಬ್ಬಿನ ತನಕ ಕೆಂಪು.

ಬರೆಯುತ್ತೇನೆ: ಇಪ್ಪತ್ತಾರು ಟನ್ನು, ಚಿಲ್ಲರೆ.
ಬರೆಯದೆ ಬಿಡುವುದು:
ಒಂದು ನಕ್ಷತ್ರ, ಬದುಕಿದ್ದಷ್ಟು ದಿನ
ತನ್ನ ತೂಕ ತಾನೇ ಹೊತ್ತಿತ್ತು,
ಉರಿಯೇ ಅದರ ಬೆನ್ನೆಲುಬು.
ಒಡಲಲ್ಲಿ ಕಬ್ಬಿಣ ಕೂಡಿತು,
ಕಾವು ಕೊಡದ ಸೌದೆ.
ಕೋಟಿ ವರ್ಷ ನಿಂತದ್ದು
ಈ ಚೀಟಿ ಹರಿಯುವಷ್ಟರಲ್ಲಿ
ಕುಸಿಯಿತು.
ಸಿಡಿದ ಧೂಳು ಎಲ್ಲೆಲ್ಲೋ ಅಲೆದು
ಮತ್ತೆ ಒತ್ತಟ್ಟಿಗೆ ಬಂದು
ಸೂರ್ಯ, ನೆಲ, ಈ ಗುಡ್ಡ.

ಹುಲುಗಪ್ಪ ಮುಖ ಒರೆಸಿ
ಟವೆಲ್ಲು ಕೊಡವುತ್ತಾನೆ.
ಹೆಡ್‌ಲೈಟಿನಲ್ಲಿ ಧೂಳು ಸುತ್ತುತ್ತದೆ
ಇಳಿಯಲು ಮನಸ್ಸಿಲ್ಲದೆ.

"ಓವರ್‌ಲೋಡು," ಅನ್ನುತ್ತೇನೆ.
"ನಂದಾ, ಲಾರೀದಾ?"