ಒಳಜೇಬು

ಕುತಾಯಿಸಿ ರೈಲು ನಿಲ್ದಾಣದ ಮೂರನೇ ಕಿಂಡಿಯಲ್ಲಿ
ಇಪ್ಪತ್ತಾರು ವರ್ಷದಿಂದ ಟಿಕೆಟು ಕೊಡುವವಳು ನಾನು, ಎತೇರಿ.
ಯಾವ ಗಾಡಿ ಎಷ್ಟು ಗಂಟೆಗೆ, ಎಲ್ಲಿ ಎಷ್ಟು ನಿಮಿಷ ನಿಲ್ಲುತ್ತದೆ,
ನಿದ್ದೆಯಲ್ಲೆಬ್ಬಿಸಿ ಕೇಳಿ, ಹೇಳುತ್ತೇನೆ.
ಅಡುಗೆಮನೆಗೆ ಯಾಕೆ ಬಂದೆ ಎಂದು ಮಾತ್ರ ಕೇಳಬೇಡಿ.

ಬಂದಿರುತ್ತೇನೆ. ನಿಂತಿರುತ್ತೇನೆ.
ಫ್ರಿಜ್ಜಿನ ಬಾಗಿಲು ತೆರೆದಿರುತ್ತದೆ,
ಒಳಗಿನ ಪುಟ್ಟ ದೀಪ ಪಾದ್ರಿಯ ಹಾಗೆ
ತಪ್ಪೊಪ್ಪಿಗೆಗೆ ಕಾಯುತ್ತಿರುತ್ತದೆ.
ನೆನಪು ಬರುವವರೆಗೆ ಬರಿಗೈಲಿ ನಿಲ್ಲುವುದು
ಮರ್ಯಾದೆಯಲ್ಲವೆಂದು ಒಂದು ತುಂಡು ಚೀಸು.
ಆಮೇಲೆ ಹೊಳೆಯುತ್ತದೆ: ಕನ್ನಡಕ!
ಕನ್ನಡಕವೋ, ಅಲ್ಲೇ, ಚೀಸಿನ ಪಕ್ಕದಲ್ಲಿ
ತಣ್ಣಗೆ ನನ್ನನ್ನೇ ನೋಡುತ್ತಿರುತ್ತದೆ.

ಅರವತ್ತಕ್ಕೆ ಅರಳುಮರಳು ಅಂತಾರೆ.
ನನ್ನದು ಏಳು ವರ್ಷ ಮುಂಚಿತ;
ನಮ್ಮ ನಿಲ್ದಾಣದಲ್ಲಿ
ಹೊತ್ತಿಗೆ ಮುಂಚೆ ಬಂದ ಮೊದಲ ಗಾಡಿ.
ಮಗಳನ್ನು ಕೂಗಲು ಹೊರಟರೆ ತಂಗಿಯ ಹೆಸರು,
ಅತ್ತೆಯದು, ಸತ್ತುಹೋದ ಬೆಕ್ಕಿನದು,
ಎಲ್ಲ ಸಣ್ಣ ಊರಲ್ಲೂ ನಿಂತು ನಿಂತು
ಕೊನೆಗೆ ತಲುಪುತ್ತೇನೆ: "ಏ, ನಿನ್ನೇ ಕಣೇ!"

ಡಾಕ್ಟರಮ್ಮ ನೆನಪಿನ ಮಾತು ಕಿವಿಗೇ ಹಾಕಿಕೊಳ್ಳಲಿಲ್ಲ.
ತೂಕದ ಯಂತ್ರದ ಮೇಲೆ ನಿಲ್ಲಿಸಿ, ಮುಳ್ಳು ನೋಡಿ,
ನಿಟ್ಟುಸಿರಿಟ್ಟು ಒಂದು ಹಾಳೆ ಬರೆದುಕೊಟ್ಟಳು:
ಸೌತೆಕಾಯಿ. ಬೇಯಿಸಿದ ಬೀಟ್ರೂಟು.
ಸಂಜೆ ಆರರ ಮೇಲೆ ಏನೂ ಇಲ್ಲ.
ಹಾಳೆಯನ್ನು ಜೋಪಾನವಾಗಿ ಎತ್ತಿಟ್ಟೆ.
ಎಷ್ಟು ಜೋಪಾನವೆಂದರೆ ಇಂದಿಗೂ ಅದು ಅಲ್ಲೇ ಇದೆ.
ಎಲ್ಲೋ.

ನೆನಪಿದ್ದಷ್ಟು ಪಥ್ಯ ಮಾಡಿದೆ, ದೇವರಾಣೆ.
ಬೆಳಿಗ್ಗೆ ತಿಂದೆನೋ ಇಲ್ಲವೋ ಎಂದು ಸಂಶಯ ಬಂದರೆ
ಸಂಶಯದ ಲಾಭ ಹೊಟ್ಟೆಗೇ ಸಲ್ಲಬೇಕು.
ಕೆಳಮನೆಯ ತ್ಸಿಸಾನಾ "ಪಥ್ಯವಂತೆ, ಪಾಪ" ಎಂದು
ಬೆಣ್ಣೆ ತೇಲುವ ಖಾಚಪುರಿ ತಂದಿಟ್ಟಳು.
ಮಾರನೇ ದಿನ ಮತ್ತೆ ತಂದಳು,
ನಿನ್ನೆ ಕೊಟ್ಟದ್ದು ಮರೆತು.
ನಾನೂ ನೆನಪಿಸಲು ಮರೆತೆ.

ಅಕ್ಟೋಬರಿನಲ್ಲಿ ಅಣ್ಣ ಹಳ್ಳಿಯಿಂದ ಚುರ್ಚ್‌ಖೇಲಾ ಕಳಿಸಿದ:
ದಾರಕ್ಕೆ ಪೋಣಿಸಿದ ಅಕ್ರೋಟು, ಮೇಲೆ ಗಟ್ಟಿಗಟ್ಟಿದ ದ್ರಾಕ್ಷಿರಸ,
ಮೊಳದುದ್ದದ ಆಸೆ.
ಉಳಿದದ್ದೊಂದನ್ನು ನನ್ನ ಕಣ್ಣಿಗೇ ಬೀಳದ ಹಾಗೆ ಬಚ್ಚಿಟ್ಟೆ,
ಹಸಿರು ಉಣ್ಣೆಕೋಟಿನ ಒಳಜೇಬಿನಲ್ಲಿ.
ಮದುವೆಯ ವರ್ಷ ಹೊಲಿಸಿದ ಕೋಟು;
ಅದರ ಗುಂಡಿ ಕೂತ ದಿನ ತಿನ್ನುವುದೆಂದು ನನಗೂ ನನಗೂ ಕರಾರು.
ಕರಾರು ಮರೆತೆ. ಕೋಟನ್ನೂ.

ಜನವರಿಯಲ್ಲಿ ಹಿಮ ಬಿತ್ತು. ದಿನಾ ಹಾಕುವ ಜಾಕೆಟ್ಟು
ಎಲ್ಲಿ ಬಿಟ್ಟೆನೋ, ಹಸಿರು ಕೋಟಿಗೇ ತೋಳು ತೂರಿಸಿದೆ.
ಗುಂಡಿಗೂ ಕಾಜಾಕ್ಕೂ ಎಣ್ಣೆ ಸೀಗೇಕಾಯಿ,
ನಡುವೆ ಒಂದು ಗೇಣು ನಾನು.
ಜೇಬಿಗೆ ಕೈಹಾಕಿದರೆ ಒಂದಲ್ಲ, ಎರಡು!
ಎಡಕ್ಕೊಂದು, ಬಲಕ್ಕೊಂದು.
ನಾನಿಟ್ಟದ್ದು ಒಂದೇ. ಇಷ್ಟಂತೂ ಗೊತ್ತು.
ಗೊತ್ತೇ?

ಸೋಫಾದಲ್ಲಿ ಗುರಾಮನ ಕಿವಿ ಕೆಂಪಾಯಿತು.
ಅವನಿಗೂ ಅದೇ ಡಾಕ್ಟರಮ್ಮ, ಅದೇ ಸೌತೆಕಾಯಿ,
ನನಗೆ ಹೇಳುವುದು ಮರೆತಿದ್ದನಂತೆ.
"ಆ ಕೋಟು ನೀನಿನ್ನು ಹಾಕೋದಿಲ್ಲ ಅಂದುಕೊಂಡೆ" ಎಂದ,
ಅಂದಮೇಲೆ ನಾಲಿಗೆ ಕಚ್ಚಿಕೊಂಡ.
ನನಗೆ ಸಿಟ್ಟು ಬರಬೇಕಿತ್ತು.
ಹೊರಟಿತ್ತೇನೋ, ಯಾಕೆ ಹೊರಟೆನೆಂದು
ದಾರಿಯಲ್ಲೇ ಮರೆತಿರಬೇಕು.

ಕಲ್ಲಾಗಿದ್ದವು. ಸುತ್ತಿಗೆಯಲ್ಲಿ ಒಡೆದು
ಚಹಾದಲ್ಲಿ ನೆನೆಸಿ ಚೀಪಿದೆವು.
ಲೋಟದಲ್ಲಿ ಮುಳುಗಿ ಕೂತ ಅವನ ಹಲ್ಲುಸೆಟ್ಟು
ನಮ್ಮಿಬ್ಬರನ್ನೂ ನೋಡಿ ನಗುತ್ತಿತ್ತು.
ಗಡಿಯಾರದಲ್ಲಿ ಆರೂ ಮುಕ್ಕಾಲು.

ದಾರ ಉಳಿಯಿತು. ಬೆರಳಿಗೆ ಸುತ್ತಿ ಗಂಟು ಹಾಕಿಕೊಂಡೆ.
ಬೆಳಿಗ್ಗೆ ಕಿಂಡಿಯಾಚೆಯ ಹುಡುಗ ಕೇಳಿದ, ಏನದು?
ನೆನಪಿಗೆ, ಎಂದೆ.
ಯಾವುದರ ನೆನಪಿಗೆ?
"ನಿನ್ನ ಗಾಡಿಗೆ ಇನ್ನು ಎರಡೇ ನಿಮಿಷ," ಎಂದೆ, "ಓಡು."