ಖಾಲಿ ಲಾರಿಯ ತೂಕ

ಸೋಹಾರಿನ ಗುಜರಿ ಯಾರ್ಡಿನಲ್ಲಿ ನನ್ನದು ತೂಕದ ಕೆಲಸ.
ಹದಿನೆಂಟು ಮೀಟರ್ ಉಕ್ಕಿನ ಹಲಗೆ, ಪಕ್ಕದಲ್ಲೊಂದು ಗಾಜಿನ ಗೂಡು,
ಗೂಡಿನಲ್ಲಿ ನಾನು, ಕೆಮ್ಮುವ ಏಸಿ,
ಮತ್ತು ಬಿಲ್ಲು ಬರೆಯುವ ಮಾರಿವಿಕ್.

ಲಾರಿ ತುಂಬಿ ಬರುತ್ತದೆ, ಒಂದು ಅಂಕಿ.
ಸುರಿದು ಖಾಲಿಯಾಗಿ ಬರುತ್ತದೆ, ಇನ್ನೊಂದು.
ಕಳೆದರೆ ಉಳಿಯುವುದೇ ಮಾಲು.
ಇಪ್ಪತ್ತು ಕಿಲೋಗಿಂತ ಕಡಿಮೆಯದು ಈ ಕಾಟಾದ ಕಣ್ಣಿಗೆ ಬೀಳುವುದಿಲ್ಲ;
ಬೆಕ್ಕು ನಡೆದರೂ ಸೊನ್ನೆ, ಕೂಸು ನಡೆದರೂ ಸೊನ್ನೆ.

"ಖಾರ್ವಿ, ಎಲ್ಲವನ್ನೂ ತೂಗುತ್ತೀಯಲ್ಲ,
ಇವನನ್ನೊಂದು ತೂಗಿಕೊಡು," ಎಂದಳು ಬುಧವಾರ,
ಫೋನನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ.
ಬಿಳಿ ಅಂಗಿ, ಮಡಚಿದ ತೋಳು, ಹಲ್ಲು ಕಾಣದ ನಗು.
ಅವಳ ದ್ವೀಪದ ಹಳೆಯ ಮೇಯರು,
ಈಗ ದೇಶಕ್ಕೇ ಅಧ್ಯಕ್ಷನಾಗಲು ನಿಂತಿದ್ದಾನೆ.
ಶುಕ್ರವಾರ ಮಸ್ಕತ್ತಿನ ರಾಯಭಾರ ಕಚೇರಿಯಲ್ಲಿ
ಅವಳ ಓಟು.

ಹತ್ತಿಸು, ಅಂದೆ.

ಮೊದಲು ಕಡಲಿನ ಗೋಡೆ. ಎರಡು ಮೈಲಿ, ಗಟ್ಟಿ ಕಾಂಕ್ರೀಟು.
ಬಿರುಗಾಳಿಯ ವರ್ಷ ಅವಳ ಅಮ್ಮ ಉಳಿದದ್ದು ಅದರ ಮರೆಯಲ್ಲಿ.
ತೂಕದ ಮಾಲೇ. ಬರೆದುಕೊಂಡೆ.
ಸಿಮೆಂಟು ಅವನ ಭಾವಮೈದುನನದ್ದು.
ಅದನ್ನೂ ಬರೆದುಕೊಂಡೆ; ಭಾವಮೈದುನರಿಲ್ಲದ ಗೋಡೆಯನ್ನು
ನಮ್ಮ ಕರಾವಳಿಯಲ್ಲೂ ನಾನು ಕಂಡಿಲ್ಲ.
ಆಮೇಲೆ, ಬಂದರಿನ ಹಮಾಲರು ಕೂಲಿಗಾಗಿ ಧರಣಿ ಕೂತ ರಾತ್ರಿ
ಜೀಪು ಹತ್ತಿಸಿಕೊಂಡು ಹೋದ ಮೂವರು.
ಮೂರನೆಯವನು ಡೊಡಾಂಗ್, ಅವಳಿಗೆ ಈಜು ಕಲಿಸಿದವನು.
ಅಷ್ಟು ಹೇಳಿ ಸ್ಟೇಪ್ಲರಿಗೆ ಪಿನ್ನು ತುಂಬಿಸತೊಡಗಿದಳು.

ಕಪ್ಪೆ ತೂಗುವುದು ಅಂತಾರೆ ನಮ್ಮಲ್ಲಿ,
ಒಂದನ್ನಿಟ್ಟರೆ ಒಂದು ಹಾರುತ್ತದೆ.
ಇಲ್ಲದವರನ್ನು ಮಾತ್ರ
ಯಾವ ಹಲಗೆಯ ಮೇಲೆ ನಿಲ್ಲಿಸಲಿ?

ಅಷ್ಟರಲ್ಲಿ ಗುಲ್ ಜರೀನನ ಲಾರಿ.
ತುಂಬಿ ಬರುವಾಗ ಅವನ ನೀರಿನ ಟ್ಯಾಂಕು ಭರ್ತಿ,
ಖಾಲಿ ಹೋಗುವಾಗ ಒಂದು ಚಕ್ರ ಹಲಗೆಯಾಚೆ.
"ಹಿಂದೆ ತಗೋ!" ಕೂಗಿದೆ.
"ಎಲ್ಲರೂ ಹೀಗೇ ನಿಲ್ಲಿಸೋದು ಭಾಯಿ," ಅಂದ.
ಹಿಂದೆ ಏಳು ಲಾರಿಗಳ ಹಾರನ್ನು. ಸೀಲು ಒತ್ತಿಬಿಟ್ಟೆ.

ಆದರೂ ನಾಲಿಗೆ ಸುಮ್ಮನಿರಬೇಕಲ್ಲ:
"ಮಾರಿವಿಕ್, ನಿನ್ನ ಮೇಯರು ಎಂದಾದರೂ ಖಾಲಿ ಬಂದಿದ್ದಾನಾ?
ಕುರ್ಚಿ, ಜೀಪು, ಭಾವಮೈದುನ ಎಲ್ಲ ಇಳಿಸಿ?
ಖಾಲಿ ತೂಕ ಸಿಗದೆ ಮಾಲಿನ ಲೆಕ್ಕ ಹೇಗೆ ಹೇಳಲಿ?"

ಬಹಳ ಹೊತ್ತು ಯೋಚಿಸಿದಳು.
"ಒಮ್ಮೆ. ಬಿರುಗಾಳಿಯ ಮರುದಿನ.
ಬರಿಗಾಲು, ಹೆಗಲ ಮೇಲೆ ಅಕ್ಕಿಮೂಟೆ.
ಕ್ಯಾಮೆರಾದವರು ಇನ್ನೂ ಬಂದಿರಲಿಲ್ಲ."

ಹಾಳಾಗ, ಅಂಕಿ ಮತ್ತೆ ಕದಲಿತು.

ರಾತ್ರಿ ಕ್ಯಾಂಪಿನ ಬಂಕಿನಲ್ಲಿ ನಿದ್ದೆ ಹತ್ತಲಿಲ್ಲ.
ವೀಸಾ ನವೀಕರಣದ ತಿಂಗಳು, ಮಾಲೀಕನ ತಮ್ಮನ ಮೂರು ಲಾರಿಗೆ
ನಾಲ್ಕು ಟನ್ನು ಹೆಚ್ಚಿಗೆ ಬರೆದದ್ದು ಈ ಕೈಯೇ.
ಗಂಗೊಳ್ಳಿಯ ಮತದಾರರ ಪಟ್ಟಿಯಲ್ಲಿ
ನನ್ನ ಹೆಸರು ಹೊಡೆದುಹಾಕಿ ಹನ್ನೊಂದು ವರ್ಷ.
ಯಾರನ್ನೂ ಆರಿಸುವ ಗೊಡವೆಯಿಲ್ಲ ನನಗೆ,
ಅದಕ್ಕೇ ಇರಬೇಕು, ಗಾಜಿನೊಳಗಿಂದ ಇಷ್ಟು ಖಡಕ್ ಮಾತು.
ಅವಳಿಗಾದರೆ ಒಂದು ಕಡೆ ಅಮ್ಮ,
ಇನ್ನೊಂದು ಕಡೆ ಈಜು ಕಲಿಸಿದ ಕೈ,
ಮತ್ತು ಒಂದೇ ಚೀಟಿ,
ಇಪ್ಪತ್ತು ಕಿಲೋಗಿಂತ ಎಷ್ಟೋ ಹಗುರ.

ಶನಿವಾರ ಬೆಳಿಗ್ಗೆ ಇಬ್ಬನಿ ಒರೆಸಿ ಕಾಟಾವನ್ನು ಸೊನ್ನೆಗೆ ತಂದೆ.
ಗೇಟಿನಿಂದ ಹಲಗೆಯ ಮೇಲೇ ನಡೆದು ಬಂದಳು. ಅರವತ್ತು.
ಎಂದಿನಷ್ಟೇ.
ಬೆರಳಿಗೆ ಶಾಯಿ. ಯಾರಿಗೆ ಎಂದು ನಾನು ಕೇಳಲಿಲ್ಲ.
ಚೀಲ ಇಟ್ಟಳು, ಕಂಪ್ಯೂಟರ್ ಹಚ್ಚಿದಳು,
ಬುಧವಾರದ ರಸೀದಿಗಳ ಕಟ್ಟು ಬಿಚ್ಚಿ
ಒಂದನ್ನು ಎಳೆದು ನನ್ನ ಮುಂದಿಟ್ಟಳು:

"ಗುಲ್ ಜರೀನನ ಬಿಲ್ಲು ಪಾಸು ಮಾಡುವುದಿಲ್ಲ.
ಲಾರಿ ಕರೆಸು.
ನಾಲ್ಕೂ ಮೂಲೆ ನಾನೇ ಹೊರಗೆ ನಿಂತು ನೋಡುತ್ತೇನೆ."

ಹೊರಗೆ ಆಗಲೇ ನಲವತ್ತೊಂದು ಡಿಗ್ರಿ.
ತಲೆಗೆ ಟವೆಲ್ ಸುತ್ತಿಕೊಂಡು ಹೋದಳು.