ಅಕ್ಷರಕ್ಕ ಮೂರು ರೂಪಾಯಿ

ಅಜ್ಜ ಕಲಾಯಿ ಹಾಕತಿದ್ದ,
ಅಬ್ಬಾ ಕೊಡ, ಹಂಡೆ, ತಾಟಿನ ಮ್ಯಾಲೆ ಹೆಸರು ಕೊರೀತಿದ್ದ,
ನಾ ಕಪ್ಪು ಮಾರತೀನಿ.
ಕೊಪ್ಪೀಕರ ರೋಡಿನಿಂದ ಒಳಗ ಎರಡನೇ ಸಂದಿ,
'ಕಲಾಯಿಗಾರ ಟ್ರೋಫೀಸ್' ಅಂತ ಬೋರ್ಡು.
ಕಪ್ಪಿಗೇನ್ರಿ, ಕುಸ್ತಿನೂ ಒಂದ, ಕ್ಯಾರಮ್ಮೂ ಒಂದ.

ಎರಡು ಸಾವಿರದ ಹನ್ನೊಂದು, ಡಿಸೆಂಬರ್.
ಯುವಜನೋತ್ಸವದ ಚೀಟಿ ಬಂತು:
ಭಾವಗೀತೆ, ಜಾನಪದ, ಸಮೂಹಗಾನ,
ಎಲ್ಲಾಕ್ಕೂ ಎರಡಡಿ ಕಪ್ಪು.
ಕಟ್ಟಕಡೀಗೆ, ಬ್ಯಾರೆ ಪೆನ್ನಿನಾಗ,
'ಇತರೆ: ಒಂದು ಗೇಣಿಂದು ಸಾಕು.'

ಮಿಮಿಕ್ರಿಯವನ್ನ, ಸೀಟಿ ಊದಾವನ್ನ ಸೋಲಿಸಿ
ಅದನ್ನ ಗೆದ್ದಾಂವ ಗಿರಣಿ ಚಾಳದ ನಿಂಗರಾಜ ಬಿಜವಾಡ.
ಮರುದಿನ ಕಪ್ಪು ಹಿಡಕೊಂಡು ಬಂದ.
"ಚಾಚಾ, ಇತರೆ ಅಂದ್ರೇನ್ರಿ?
ನಾ ಮಾಡಿದ್ದಕ್ಕ ಒಂದು ಹೆಸರೈತಿ, ಅದನ್ನ ಕೊರೀರಿ."
ಅಕ್ಷರಕ್ಕ ಮೂರು ರೂಪಾಯಿ, ಅಂದೆ.
ಬೆರಳು ಮಡಿಚಿ ಎಣಿಸಿದ:
"ಇತರೆ ಮೂರಕ್ಷರ, ರ‍್ಯಾಪ್ ಎರಡ.
ನಂದ ಸೋವಿ ಆತಲ್ಲ!"

ತ್ರಾಸು ನನಗ.
ರ ಬರದು ಕೆಳಗ ಯ ಒತ್ತು ಕೊಡಲೋ,
ಯ ಬರದು ಮುಂದ ಅರ್ಕಾವತ್ತು ಎಳೀಲೋ?
ಹಿತ್ತಾಳಿ ಮ್ಯಾಲೆ ರಬ್ಬರ್ ನಡಿಯೂದಿಲ್ಲ.
ಅಂವ ಸ್ಟೂಲು ಬಡಕೋತ ಸುರು ಮಾಡಿದ,
ಮುಚ್ಚಿದ ಮಿಲ್ಲಿನ ಭೋಂಗಾ,
ಎಂಟು ದಿನಕ್ಕೊಮ್ಮೆ ನಳ, ಅವ್ವನ ಕೊಡದ ಪಾಳಿ,
ಎಲ್ಲೂ ಉಸಿರು ತಗೊಳ್ಳಲಿಲ್ಲ.
ಮಷೀನು ಅವನ ಹಿಂದ ಹಿಂದ ಗುರ್ ಅನಕೋತ ಹೋತು,
ನೋಡತೀನಿ, ಒತ್ತು ಕೆಳಗ ಕೂತಿತ್ತು.

ಅಜ್ಜ ಹೇಳತಿದ್ದ:
ಹರದೇಶಿ ನಾಗೇಶಿ ಮ್ಯಾಳ ಎದುರಾಬದುರಾ ನಿಂತ್ರ
ಹೊತ್ತು ಮೂಡೂತನಕ ಸವಾಲು, ಜವಾಬು.
ಸೋತವರು ತುರಾಯಿ ಬಿಚ್ಚಬೇಕು, ಗೆದ್ದವರಿಗೆ ಬೆಳ್ಳಿ ಕಡಗ.
ಕಲಾಯಿ ಬಿಟ್ಟು ಅಜ್ಜ ಮಾಡಿದ ಬ್ಯಾರೆ ಕೆಲಸ ಅದೊಂದ,
ಕಡಗದ ಮ್ಯಾಲೆ ಹೆಸರು.
ಹೊರಗಲ್ಲ,
ಒಳಮೈಗೆ, ನಾಡಿ ಬಡಿಯೋ ಕಡೆ.

ಮುಂದಿನ ವರ್ಷ 'ಮಿಮಿಕ್ರಿ ಮತ್ತು ರ‍್ಯಾಪ್' ಅಂತ ಬಂತು.
ಅದರ ಮುಂದಿನದು ನೆನಪಿಲ್ಲ, ವಹಿ ಗೆದ್ದಲು ತಿಂದೈತಿ.
ಹದಿನಾಲ್ಕರಾಗ ರ‍್ಯಾಪ್ ಒಂದಕ್ಕ ಕಪ್ಪು, ಎರಡಡಿಯದು.
ಕೊಟ್ಟಿದ್ದು ಮಾತ್ರ ಅತಿಥಿಗಳ ಕಾರು ಹೋದ ಮ್ಯಾಲೆ,
ಪೆಂಡಾಲಿನವರು ಕುರ್ಚಿ ಮಡಚೋವಾಗ.
ಹೆಸರು ಕರದರು: ಜುಲೇಖಾ ಯರಗಟ್ಟಿ, ಧಾರವಾಡ.
ಆಕಿ ಕೆಳಗ ನಿಂತಿದ್ದಳು,
ಸ್ಟೇಜು ಹತ್ತಲಿಲ್ಲ.

ಅಮೆರಿಕಾದಾಗೂ ಹಿಂಗ ಆಗಿತ್ತಂತ.
ದೊಡ್ಡ ಬಹುಮಾನ ಮೊದಲ ಸಲ ಕೊಟ್ಟಾಗ
ಟೀವಿಯಾಗ ತೋರಸಲಿಲ್ಲಂತ, ಕೆಲವರು ಹೋಗಲೇ ಇಲ್ಲಂತ.
ನಿಂಗರಾಜ ಹೇಳಿದ.
ಅಷ್ಟು ದೂರದವರಿಗೂ
ಕುರ್ಚಿ ಮಡಚೋ ಅವಸರ ಇರತೈತಿ ನೋಡ್ರಿ.

ಆ ಕಪ್ಪು ಆಟೋದಾಗ ನನ್ನ ಅಂಗಡಿಗೆ ವಾಪಸ್ ಬಂತು,
ಕಮಿಟಿಯವರ ಬಾಕಿ ಮುನ್ನೂರಾ ನಲವತ್ತು ಬರಲಿಲ್ಲ.
ಕಬಡ್ಡಿ ಕಪ್ಪಿನ ಬಾಜೂಕ ಇಟ್ಟೆ.
ಶಾಲಿ ಬಿಟ್ಟ ಮ್ಯಾಲೆ ಹುಡುಗರು ಗಾಜಿಗೆ ಮೂಗು ಹಚ್ಚಿ ಓದತಾರ,
ಯಾರರೆ ಒಬ್ಬ ತುಟಿಯಿಂದ ಢಬ್ ಢಬ್ ಸುರು ಮಾಡತಾನ,
ಗಾಜಿನ ಮ್ಯಾಲೆ ಉಗುಳು.

ಈಗ ಕಪ್ಪು ಮೂರಡಿ, ಬಂಗಾರದ ಪಾಲಿಶು.
ಹೋದ ತಿಂಗಳು ಕಮಿಟಿಯವರು ಬಂದರು:
"ಹಳೇದು ಕೊಡ್ರಿ, ಇತಿಹಾಸ ಅಂತ ಪ್ರದರ್ಶನಕ್ಕ ಇಡತೀವಿ."
ಇತಿಹಾಸದ ಬಾಕಿ ಐತಿ, ಅಂದೆ.
ನಕ್ಕರು. ಆಮ್ಯಾಲೆ ಬರತೀವಿ ಅಂದರು.

ಬಂದಾಕಿ ಜುಲೇಖಾ,
ಆಸ್ಪತ್ರಿ ರಾತ್ರಿಪಾಳಿ ಮುಗಿಸಿ, ಕೊರಳಾಗ ಐಡಿ ಕಾರ್ಡು.
ಕಪ್ಪು ಎತ್ತಿ ತೂಕ ನೋಡಿದಳು, ಇಟ್ಟಳು.
"ಇಲ್ಲೇ ಇರಲಿ ಚಾಚಾ. ಒಂದು ಹೆಸರು ಬಿಟ್ಟೈತಿ.
ನಾ ಮಾತಾಡುವಾಗ ಬಾಯಿಂದ ತಾಳ ಹಾಕಿದಾಕಿ,
ಆಕಿನ್ನ ಯಾರೂ ಕರೀಲಿಲ್ಲ."

ಶಿವಲೀಲಾ ಹೊಂಬಳ.
ಅಡಿಗಟ್ಟಿ ಬಿಚ್ಚಿ ಒಳಮೈಗೆ ಕೊರದೆ.
ಏಳು ಅಕ್ಷರ, ಇಪ್ಪತ್ತೊಂದು ರೂಪಾಯಿ.
ಕೊಟ್ಟಳು, ತಗೊಂಡೆ.
ಬೆಳ್ಳಿ ಕಡಗಕ್ಕ ಅಜ್ಜ
ಪುಕ್ಕಟೆ ಕೊರದದ್ದು ನಾ ಕೇಳಿಲ್ಲ.